ಸುಲ್ತಾನನ ಗುಡಾರ

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಆದರೆ ಟಿಪ್ಪು ಸುಲ್ತಾನನ ಗುಡಾರವನ್ನು ನೋಡಬೇಕಾದರೆ ವೇಲ್ಸ್ ನಾಡಿನ ಪೊವಿಸ್ ಕೋಟೆಗೆ ಹೋಗಬೇಕು. ನಿವೃತ್ತನಾದ ಮೇಲೆ ಒಮ್ಮೆ ನನಗೆ ಆ ಅವಕಾಶ ಒದಗಿತು.

ವೇಲ್ಸಿನ ಅರಸರು 13ನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೋಟೆ 1587ರಲ್ಲಿ ಹರ್ಬರ್ಟ್ ಮನೆತನದ ಕೈಸೇರಿ, ಸಿರಿವಂತರ ನಿವಾಸವಾಯಿತು. 1952ರಿಂದ ಅದು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಪಾಲನೆಯಲ್ಲಿದೆ. ಅಲ್ಲಿರುವ ಭಾರತೀಯ ವಸ್ತುಗಳ ಪ್ರದರ್ಶನಕ್ಕೆ ಕ್ಲೈವ್ ಮನೆತನದ ಹೆಸರಿದೆ. ಕ್ಲೈವ್ ಎಂದೊಡನೆ ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ನೆನಪಾಗುತ್ತಾನೆ. ಆದರೆ ಆತ ಸತ್ತದ್ದು 1774ರಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರನಾಗಿದ್ದವನು ಆತನ ಮಗ ಎಡ್ವರ್ಡ್. ಎಡ್ವರ್ಡನ ಪತ್ನಿ ಹೆನ್ರಿಯೆಟ್ಟಾ ಹರ್ಬರ್ಟ್ ಮನೆತನದ ಮಗಳು. ಆ ಸಂಬಂಧದಿಂದಲೇ ಮೈಸೂರಿನ ವಸ್ತುಗಳು ಪೊವಿಸ್ ಸೇರಿದವು.

ಟಿಪ್ಪುವಿನ ಸಿಂಹಾಸನದ ಒಂದು ಪುಟ್ಟ ಹುಲಿತಲೆ ಅಲ್ಲಿದೆ. ಚಿನ್ನದ್ದು, ರತ್ನ ಕೆತ್ತಿದ್ದು. ಸಿಂಹಾಸನ ಮಾತ್ರ ಎಲ್ಲಿಯೂ ಇಲ್ಲ. ಗೆದ್ದವರು ಅದನ್ನು ಒಡೆದು ಹಂಚಿಕೊಂಡರು. ಹತ್ತಿಬಟ್ಟೆಯ ಗುಡಾರ ಉಳಿಯಿತು. ಏಕೆ ಉಳಿಯಿತು? ತೋಟದ ಔತಣಗಳಿಗೆ ಚಪ್ಪರವಾಗಿ ಒದಗಿತು! ಇದನ್ನು ತಿಳಿದಾಗ ನನಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡಲಾರೆ.

ಆ ಸಿಟ್ಟಿನಲ್ಲಿಯೇ ಗುಡಾರದೆದುರು ನಿಂತೆ. ಬಿಳಿಯ ನೆಲ, ಕಮಾನುಗಳು, ಒಂದೊಂದು ಕಮಾನಿನೊಳಗೂ ಹೂಕುಂಡ, ಕೆಂಪು ಹಸಿರು ಬಳ್ಳಿ. ವಿವರಣೆಯಲ್ಲಿ ‘ಚಿಂಟ್ಸ್’ ಎಂಬ ಮಾತಿತ್ತು. ಕನ್ನಡ ಮೇಷ್ಟರ ಕಿವಿ ಸುಮ್ಮನಿರುವುದೇ? ನನ್ನ ತಾಯಿ ‘ಚೀಟಿ ಬಟ್ಟೆ’ ಎನ್ನುತ್ತಿದ್ದುದು ಇದನ್ನೇ. ಹಿಂದಿಯ ‘ಛೀಂಟ್’ ಇತ್ತ ಚೀಟಿಯಾಯಿತು, ಅತ್ತ ಚಿಂಟ್ಸ್ ಆಯಿತು. ತಂಗಿಯ ಲಂಗಕ್ಕೆ ತಂದ ಬಟ್ಟೆಗೂ ಸುಲ್ತಾನನ ಗುಡಾರಕ್ಕೂ ಹೆಸರು ಒಂದೇ.

ಆಗ ನನ್ನ ಯೋಚನೆ ತಿರುಗಿತು. ಟಿಪ್ಪುವಿನ ಹೆಸರು ಉಳಿದಿದೆ, ಕ್ಲೈವನ ಹೆಸರೂ ಉಳಿದಿದೆ. ಈ ಬಣ್ಣಗಳನ್ನು ಇಷ್ಟು ಕಾಲ ಮಾಸದಂತೆ ಹಿಡಿಸಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಸುಲ್ತಾನನ ಕಡೆಯವರೂ ಬರೆಯಲಿಲ್ಲ, ಕುಂಪಣಿಯವರೂ ಬರೆಯಲಿಲ್ಲ. ಗುಡಾರ ಮರಳಿ ಬರಬೇಕೆ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಆದರೆ ನಾಳೆ ಅದು ಬಂದರೆ, ಅದರ ಮುಂದೆ ಇಡುವ ವಿವರದ ಚೀಟಿಯಲ್ಲಿ ಅರಸರ ಹೆಸರಷ್ಟೇ ಇದ್ದರೆ ಸಾಕೆ? ಈ ಪ್ರಶ್ನೆಯನ್ನು ನಾನು ಪೊವಿಸ್‌ನಿಂದ ಹೊತ್ತು ತಂದೆ, ಇನ್ನೂ ಇಳಿಸಿಲ್ಲ.