ಬಂದೂಕಿನ ಮೇಲೆ ಯಾರ ಹೆಸರು?

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ತಿರುಗಾಡಿದವರಿಗೆ ಕಲ್ಲನ್ನು ಓದುವ ಚಟ ತಾನಾಗಿಯೇ ಹತ್ತಿಕೊಳ್ಳುತ್ತದೆ. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ಕೋಟೆಯೊಳಗಿನ ನಗರೇಶ್ವರ, ಹಿಂದೆ ಹಿರೇಕೆರೂರು ತಾಲೂಕಿನಲ್ಲಿದ್ದ ರಟ್ಟೀಹಳ್ಳಿಯ ಕದಂಬೇಶ್ವರ, ಎಲ್ಲಿ ನೋಡಿದರೂ ಕಲ್ಲು, ಕಲ್ಲಿನ ಮೇಲೆ ಅಕ್ಷರ. ಶಾಸನವನ್ನು ಓದುವವನು ಮೊದಲು ಕಲಿಯಬೇಕಾದ ಪಾಠವೊಂದಿದೆ: ಹೆಸರುಗಳೆಲ್ಲ ಒಂದೇ ಜಾತಿಯವಲ್ಲ. ಮೊದಲು ಅರಸನ ಹೆಸರು, ಆಮೇಲೆ ದಾನ ಕೊಟ್ಟವನದು, ಪಡೆದವನದು. ಬರೆದವನೂ ಕಂಡರಿಸಿದವನೂ ಇದ್ದರೆ ಕಟ್ಟಕಡೆಗೆ. ಹಿರೇಕೆರೂರಿನ ಗಡಿಯನ್ನು ದಾಟಿದರೆ ಸಿಗುವ ಬಳ್ಳಿಗಾವೆಯ ದಾಸೋಜನು ದೂರದ ಬೇಲೂರಿಗೆ ಹೋಗಿ ಮದನಿಕೆಯ ಪೀಠದಲ್ಲಿ ತನ್ನ ಹೆಸರನ್ನೂ ಊರನ್ನೂ ಕೊರೆದಿರದಿದ್ದರೆ, ಅವನು ನಮ್ಮ ಸೀಮೆಯವನೆಂದು ಯಾರು ಗುರುತಿಸುತ್ತಿದ್ದರು?

ಈ ಪಾಠವನ್ನು ಕಬ್ಬಿಣಕ್ಕೂ ಅನ್ವಯಿಸಬಹುದೆಂದು ನನಗೆ ತೋರಿದ್ದು ಸವಣೂರಿನ ಇತಿಹಾಸವನ್ನು ಓದುತ್ತಿದ್ದಾಗ. ನವಾಬರ ಸವಣೂರು ಮದ್ದುಗುಂಡುಗಳನ್ನು ಚೆನ್ನಾಗಿ ಬಲ್ಲ ಊರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯನು ಮುತ್ತಿಗೆ ಹಾಕಿದಾಗ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು ಇದರ ಎದುರಿಗೆ ನಿಂತಿದ್ದವು; ಒಳಗಿನಿಂದ ಕಾದವನು ಅದೇ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಮುಜಫರ್ ಖಾನ್ ಗಾರ್ದಿ. 1779ರಲ್ಲಿ ಹೈದರನು ಇಲ್ಲಿಯ ನವಾಬನಾದ ಅಬ್ದುಲ್ ಹಕೀಮ್ ಖಾನನೊಡನೆ ಹೆಣ್ಣು ಕೊಟ್ಟು ಹೆಣ್ಣು ತಂದು ಬೀಗತನ ಬೆಳೆಸಿದನು. ಏಳು ವರ್ಷಗಳ ತರುವಾಯ, 1786ರಲ್ಲಿ, ಟಿಪ್ಪುವಿನ ಸೈನ್ಯ ಬಂದು ಊರನ್ನು ಹಿಡಿದುಕೊಂಡಿತು. ನವಾಬನು ಮರಾಠರ ಆಸರೆಗೆ ಓಡಿದನು. ಬೀಗತನದ ಬೆಲೆ ಅಷ್ಟೇ.

ಆ ಟಿಪ್ಪುವಿನ ಸ್ವಂತಕ್ಕೆಂದೇ ಶ್ರೀರಂಗಪಟ್ಟಣದಲ್ಲಿ ಮಾಡಿದ ಬೇಟೆಯ ಬಂದೂಕುಗಳೂ ಪಿಸ್ತೂಲುಗಳೂ ಇಂದು ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. 1799ರ ಮೇ 4ರಂದು ಕೋಟೆ ಬಿದ್ದಾಗ ಕೊಳ್ಳೆಯಾಗಿ ಹೋದವು ಅವು. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಜಾತಿಯವು. ಮೈತುಂಬ ಹುಲಿಪಟ್ಟೆ, ಕೆಲವುಗಳಲ್ಲಿ ಕುದುರೆಯೂ ಹುಲಿಯ ಮುಖದ್ದೇ. (ಬಂದೂಕಿನ ಕುದುರೆಯೆಂದರೆ ಕಲ್ಲನ್ನು ಕಚ್ಚಿಕೊಂಡು ಎರಗುವ ಭಾಗ, ನಮ್ಮವರು ಎಷ್ಟು ಚೆನ್ನಾಗಿ ಹೆಸರಿಟ್ಟಿದ್ದಾರೆ!) ಇವುಗಳನ್ನು ಮಾಡಿದವನಾರು?

ಟಿಪ್ಪುವು ಫ್ರಾನ್ಸಿನ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದ್ದನು. ಅವರು 1788ರಲ್ಲಿ ಪ್ಯಾರಿಸಿಗೆ ಹೋಗಿ ಕೇಳಿದ ಬೇಡಿಕೆಗಳಲ್ಲಿ ಕಸುಬುದಾರರೂ ಸೇರಿದ್ದರು. ಹೀಗಿರಲು ‘ಇದು ಫ್ರೆಂಚರ ಕೈಕೆಲಸ’ ಎಂದುಬಿಡುವುದು ಸುಲಭ. ಕೀಲಿನ ರಚನೆಯಲ್ಲಿ ಐರೋಪ್ಯ ಮಾದರಿ ಇರುವುದೂ ನಿಜವೇ. ಆದರೆ ಮಾದರಿ ಎಲ್ಲಿಯದೆಂಬುದು ಒಂದು ಪ್ರಶ್ನೆ, ಕೈ ಯಾರದೆಂಬುದು ಇನ್ನೊಂದು. ಈ ಎರಡನ್ನು ಬೆರೆಸಿದ್ದರಿಂದ ನಮ್ಮ ಎಷ್ಟು ಕಮ್ಮಾರರು ತಮ್ಮ ಕೆಲಸವನ್ನು ಪರರಿಗೆ ಕಳೆದುಕೊಂಡಿದ್ದಾರೋ! ಉತ್ತರವನ್ನು ಬಂದೂಕೇ ಹೇಳಬೇಕು, ಮತ್ತು ಹೇಳುತ್ತದೆ. ಓದುವ ರೀತಿ ಮಾತ್ರ ತಿಳಿದಿರಬೇಕು.

ನಳಿಗೆಯ ಮೇಲೆ ಮೊದಲು ಕಣ್ಣಿಗೆ ಬೀಳುವ ಮುದ್ರೆಯಲ್ಲಿ ನಾಲ್ಕು ಮನೆಗಳು, ನಾಲ್ಕು ಅಕ್ಷರಗಳು. ಕೂಡಿಸಿ ಓದಿದರೆ ‘ಹೈದರ್’. ಕಮ್ಮಾರನ ಹೆಸರೆಂದು ನಂಬಬೇಡಿ. ಅದು ರಕ್ಷೆಯ ಮುದ್ರೆ. ಹೈದರ್ ಎಂದರೆ ಸಿಂಹ, ಹಜರತ್ ಅಲಿಯವರ ಬಿರುದು; ಟಿಪ್ಪುವಿನ ತಂದೆಯ ಹೆಸರೂ ಆಯಿತು. ಹುಲಿಯ ಮುಖದಂತೆ ಹೆಣೆದ ಅಕ್ಷರಗಳಲ್ಲಿ ಕಾಣುವ ‘ಅಸದುಲ್ಲಾ’ ಎಂಬುದೂ ಅದೇ ಬಿರುದು. ಈ ಅಸದುಲ್ಲಾ ಬಹು ಮೋಸಗಾರ ಹೆಸರು. ಇಸ್ಫಹಾನಿನ ಅಸದುಲ್ಲಾ ಎಂಬ ಕತ್ತಿಗಾರನ ಹೆಸರಿರುವ ಅಲಗುಗಳು ಎಷ್ಟಿವೆಯೆಂದರೆ, ಅವನ್ನೆಲ್ಲ ಒಬ್ಬನೇ ಬಡಿದಿದ್ದರೆ ಅವನಿಗೆ ಹತ್ತು ಜನ್ಮ ಬೇಕಾಗುತ್ತಿತ್ತು. ಹೆಸರುವಾಸಿಯಾದ ಮೇಲೆ ಹೆಸರು ಸರಕಾಗುತ್ತದೆ.

ಮುಂದಿನ ತೊಡಕು ವರ್ಷದ್ದು. ಟಿಪ್ಪುವು ಹಿಜರಿ ಶಕೆಯನ್ನು ಬಿಟ್ಟು ಪೈಗಂಬರರ ಜನ್ಮದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದನು. ಅದರ ಬೆನ್ನೆಲುಬು ಮಾತ್ರ ನಮ್ಮ ಪಂಚಾಂಗವೇ! ಪ್ರಭವ ವಿಭವಾದಿ ಅರುವತ್ತು ಸಂವತ್ಸರಗಳ ಚಕ್ರವನ್ನು ಹಾಗೆಯೇ ಉಳಿಸಿಕೊಂಡು, ಒಂದೊಂದಕ್ಕೂ ಬೇರೆ ಹೆಸರು ಕಟ್ಟಿದನು; ಹೆಸರಿನ ಅಕ್ಷರಗಳ ಬೆಲೆಯನ್ನು ಕೂಡಿಸಿದರೆ ಅದು ಎಷ್ಟನೆಯ ಸಂವತ್ಸರವೆಂಬ ಸಂಖ್ಯೆ ಬರುತ್ತದೆ. ಅದೂ ಸಾಲದೆಂಬಂತೆ ಅವನ ನಾಣ್ಯಗಳಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ನಡೆಯತೊಡಗಿದವು. 1222 ಎಂಬುದು ಎಡದಿಂದ ಓದುವವನಿಗೆ 2221 ಆಗಿ ಕಾಣುತ್ತದೆ. 1221 ಮಾತ್ರ ಯಾವ ಕಡೆಯಿಂದ ಓದಿದರೂ ಒಂದೇ. ಆದರೂ ಕಾಡದೆ ಬಿಡುವುದಿಲ್ಲ. ಅದನ್ನು ಹಿಜರಿಯೆಂದು ಲೆಕ್ಕ ಹಾಕಿದರೆ 1806 ಬರುತ್ತದೆ, ಅಂದರೆ ಟಿಪ್ಪು ತೀರಿಹೋಗಿ ಏಳು ವರ್ಷದ ಮೇಲೆ! ‘ಬಂದೂಕು ಖೋಟಾ’ ಎಂದು ಬದಿಗೆ ಸರಿಸಲು ಅಷ್ಟು ಸಾಕು. ಮೌಲೂದಿಯೆಂದು ತಿಳಿದರೆ 572 ಕೂಡಿಸಬೇಕು. 1793-94, ಪ್ರಮಾದೀಚ ಸಂವತ್ಸರ, ಸರಿಯಾಗಿ ಕೂಡಿಕೊಳ್ಳುತ್ತದೆ.

ಇಷ್ಟನ್ನು ದಾಟಿ ಬಂದವನಿಗೆ ‘ಪಟನ್’ ಎಂಬ ಊರು ಸಿಗುತ್ತದೆ, ಅಂದರೆ ಶ್ರೀರಂಗಪಟ್ಟಣ. ಅದರ ಸಂಗಡ, ಪುಣ್ಯವಿದ್ದರೆ, ಮಾಡಿದವನ ಹೆಸರು. ಸೈಯದ್ ಮಾಸೂಮ್ ಎಂದು ಒಂದರಲ್ಲಿ, ಅಸದ್ ಖಾನ್ ಮಹಮ್ಮದ್ ಎಂದು ಇನ್ನೊಂದರಲ್ಲಿ. ಫ್ರೆಂಚ್ ಹೆಸರುಗಳಲ್ಲ ಇವು. ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್ ಎಂಬವರು ಟಿಪ್ಪುವಿನ ಬಂದೂಕುಗಳ ಮೇಲೆಯೇ ಒಂದು ದೊಡ್ಡ ಪುಸ್ತಕವನ್ನು 1992ರಲ್ಲಿ ಹೊರತಂದರು. ಈ ಗುರುತುಗಳನ್ನು ತಾಳ್ಮೆಯಿಂದ ಕೂಡಿಹಾಕಿದ ಶ್ರೇಯಸ್ಸು ಅವರಿಗೆ ಸಲ್ಲಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ರುವಾರಿಗಳ ಮೇಲೆ ಪ್ರಬಂಧಗಳು ಬಂದಿವೆ. ಬಂದೂಕುಗಾರರ ಪಾಲಿಗೂ ಒಂದು ಬರಬಾರದೆ?

ಹೆಸರಿನ ಮೋಸ ನವಾಬರ ಕಾಲಕ್ಕೇ ಮುಗಿಯಲಿಲ್ಲ. ಇಂಗ್ಲಿಷರ ಕಾಲದಲ್ಲಿ ಗುರಿ ಹೊಡೆಯುವ ಪಂದ್ಯಗಳಿಗೆ ಹಚ್ಚಿಕೊಳ್ಳುತ್ತಿದ್ದ ನಯಗಾರಿಕೆಯ ರಿವಾಲ್ವರುಗಳನ್ನೇ ನೋಡಿ. ಕೆಲವುಗಳ ಮೇಲೆ ಲಂಡನ್ನಿನ ವಿಲ್ಕಿನ್ಸನ್ ಅಂಗಡಿಯ ಹೆಸರು; ಮಾಡಿದವರು ಬರ್ಮಿಂಗ್‌ಹ್ಯಾಮಿನ ವೆಬ್ಲಿಯವರು. ಇನ್ನು ಕೆಲವುಗಳ ಮೇಲೆ ಬರಿಯ ಮಾರಾಟಗಾರರ ಹೆಸರು. ನಳಿಗೆಯ ಮೇಲೆ ಒತ್ತಿದ ಸಣ್ಣ ಮುದ್ರೆಗಳಾದರೋ ಮದ್ದಿನ ಹೊಡೆತಕ್ಕೆ ಅದು ತಾಳಿತೆಂಬ ಪರೀಕ್ಷೆಯ ಗುರುತು. ಯಜಮಾನ, ವ್ಯಾಪಾರಿ, ಪರೀಕ್ಷಕ ಎಲ್ಲರೂ ತಮ್ಮ ಗುರುತನ್ನು ಒತ್ತಿದ ಮೇಲೆ ಕಮ್ಮಾರನಿಗೆ ಉಳಿಯುವ ಜಾಗ ಎಷ್ಟು? ಟಿಪ್ಪುವಿನ ಬಂದೂಕುಗಳಲ್ಲಿ ಮಾಸೂಮನಿಗೆ ಜಾಗ ಸಿಕ್ಕಿತೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಇಂಥವು ಉಳಿದಿದ್ದರೆ ತೀರ ಕಡಿಮೆ. 1857ರಲ್ಲಿ ಕಂಪನಿ ಸರಕಾರ ಹತಾರಗಳನ್ನು ಕಸಿಯಲು ಹೊರಟಿದ್ದನ್ನೂ, ಒಪ್ಪದೆ ನಿಂತ ಹಲಗಲಿಯ ಬೇಡರು ಅನುಭವಿಸಿದ್ದನ್ನೂ ಲಾವಣಿ ಕೇಳಿದವರೆಲ್ಲ ಬಲ್ಲರು. ಆದರೂ ಬಂಕಾಪುರದಲ್ಲೋ ಸವಣೂರಿನಲ್ಲೋ ಹಳೆಯ ವಾಡೆಯ ಅಟ್ಟದ ಮೇಲೆ ತುಂಡು ನಳಿಗೆಯೊಂದು ಬಿದ್ದಿದ್ದರೆ, ವಾಚಕರಲ್ಲಿ ನನ್ನದೊಂದು ವಿನಂತಿ. ಬಾಯಿಂದ ಮದ್ದು ತುಂಬುವ ಬಂದೂಕಿನೊಳಗೆ ಹಳೆಯ ಮದ್ದು ಹಾಗೆಯೇ ಕೂತಿರಬಹುದು. ಕುದುರೆಯನ್ನು ಮುಟ್ಟುವ ಮೊದಲು ತಿಳಿದವರಿಗೆ ತೋರಿಸಿರಿ, ಪೋಲೀಸ್ ಠಾಣೆಗೆ ತಿಳಿಸಿರಿ. ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಹಚ್ಚಿ ತಿಕ್ಕಬೇಡಿರಿ. ತಿಕ್ಕಿದರೆ ಮೊದಲು ಅಳಿಯುವುದು ತೆಳ್ಳಗೆ ಕೊರೆದ ಅಕ್ಷರ. ನೋಡುವಾಗ ಮೇಲಿನ ಬೆಳ್ಳಿಯ ಹೂಬಳ್ಳಿಯಲ್ಲೇ ನಿಲ್ಲದೆ, ಮರದ ಹಿಡಿಯಿಂದ ಬಿಡಿಸಿ, ನಳಿಗೆಯ ತಳಭಾಗವನ್ನೂ ಕೀಲಿನ ಹಲಗೆಯ ಒಳಮೈಯನ್ನೂ ಬಲ್ಲವರ ಕೈಯಿಂದ ನೋಡಿಸಿರಿ.