ಅಗ್ಗದ ಸಾದಾ ಪಿಕಪ್ ಟ್ರಕ್ ಅಮೆರಿಕದಲ್ಲಿ ನಿಷೇಧವೇ? ಫಾರ್ವರ್ಡ್ ಹೇಳದೆ ಬಿಟ್ಟ ಕಥೆ

ಚೌಕಾಕಾರದ ಒಂದು ಸಾದಾ ಪಿಕಪ್ ಟ್ರಕ್ಕಿನ ಫೋಟೊ, ಅದರ ಕೆಳಗೆ ಮೂರು ಸಾಲು. "ಟೊಯೋಟಾ ಈ ಗಟ್ಟಿ ಟ್ರಕ್ಕನ್ನು ಬರೀ 10 ಸಾವಿರ ಡಾಲರ್‌ಗೆ ಮಾರುತ್ತಿದೆ, ಆದರೆ ದೊಡ್ಡ ಕಂಪನಿಗಳ ಲಾಭಕ್ಕಾಗಿ ಅಮೆರಿಕ ಸರ್ಕಾರ ಇದನ್ನು ನಿಷೇಧಿಸಿದೆ" ಎಂಬ ಅರ್ಥದ ಈ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಅಮೆರಿಕದಲ್ಲಿರುವ ಬಂಧುಗಳಿಂದಲೇ ಬಂದಿದ್ದರೂ ಆಶ್ಚರ್ಯವಿಲ್ಲ.

ಚುಟುಕಾಗಿ ಉತ್ತರ ಹೀಗಿದೆ. ಟ್ರಕ್ ನಿಜ. ಬೆಲೆ ಸ್ವಲ್ಪ ತಪ್ಪು. ಈ ಟ್ರಕ್ಕಿನ ಹೆಸರು ಹಿಡಿದು ಮಾಡಿದ ನಿಷೇಧ ಯಾವುದೂ ಇಲ್ಲ. ಆದರೆ ದುಡಿಮೆಗೆಂದೇ ಮಾಡಿದ ಅಗ್ಗದ ಸಣ್ಣ ಟ್ರಕ್ ಅಮೆರಿಕದ ಶೋರೂಮ್‌ಗಳಿಂದ ಹೆಚ್ಚುಕಡಿಮೆ ಮಾಯವಾಗಿದೆ ಎಂಬ ದೂರು ಮಾತ್ರ ನಿಜ. ಅದು ಹೇಗಾಯಿತು ಎಂಬುದು ಪಿತೂರಿಯ ಕಥೆಗಿಂತ ಸ್ವಾರಸ್ಯಕರವಾಗಿದೆ.

ಫೋಟೊದಲ್ಲಿರುವ ಟ್ರಕ್ ಯಾವುದು?

ಅದು ಟೊಯೋಟಾ ಹೈಲಕ್ಸ್ ಚಾಂಪ್. 2022ರ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಇದರ ಮಾದರಿಯನ್ನು ತೋರಿಸಲಾಯಿತು. 2023ರ ನವೆಂಬರ್‌ನಲ್ಲಿ ಅಲ್ಲೇ ಮಾರಾಟ ಶುರುವಾಯಿತು. ಆಗಿನ ಆರಂಭಿಕ ಬೆಲೆ 4,59,000 ಬಾತ್, ಅಂದರೆ ಸುಮಾರು 13 ಸಾವಿರ ಡಾಲರ್. ನಮ್ಮ ಲೆಕ್ಕದಲ್ಲಿ 11 ಲಕ್ಷ ರೂಪಾಯಿ ಆಸುಪಾಸು. ಮುಂದೆ ಇಬ್ಬರು ಕೂರುವ ಕ್ಯಾಬಿನ್, ಹಿಂದೆ ಸಮತಟ್ಟಾದ ಹಲಗೆ. ಅದರ ಮೇಲೆ ತರಕಾರಿ ಹೇರಬಹುದು, ತಿಂಡಿ ಗಾಡಿ ಕಟ್ಟಬಹುದು, ಆಂಬುಲೆನ್ಸ್ ಕೂಡ ಮಾಡಬಹುದು. ಅಲಂಕಾರ ಏನೂ ಇಲ್ಲ.

ಅಮೆರಿಕದಲ್ಲಿ ಇಂಥ ಟ್ರಕ್ ಇರಲೇ ಇಲ್ಲವೇ?

ಧಾರಾಳವಾಗಿ ಇತ್ತು. 1970 ಮತ್ತು 80ರ ದಶಕಗಳಲ್ಲಿ ಅಲ್ಲಿನ ರೈತರು, ಬಡಗಿಗಳು, ಪೇಂಟರ್‌ಗಳು ಸಣ್ಣ ಜಪಾನಿ ಟ್ರಕ್‌ಗಳನ್ನು ಓಡಿಸುತ್ತಿದ್ದರು. ಕೈಯಲ್ಲಿ ತಿರುಗಿಸುವ ಕಿಟಕಿ, ರೆಕ್ಸಿನ್ ಸೀಟು, ಸಣ್ಣ ಎಂಜಿನ್, ಸೊಂಟದೆತ್ತರದ ಹಲಗೆ. ಇದೇ ಹೈಲಕ್ಸ್ ಅಲ್ಲಿ "ಟೊಯೋಟಾ ಪಿಕಪ್" ಎಂಬ ಸರಳ ಹೆಸರಿನಲ್ಲಿ 1995ರವರೆಗೂ ಮಾರಾಟವಾಯಿತು. ಫೋರ್ಡ್ ಕಂಪನಿಯ ಸಣ್ಣ ಟ್ರಕ್ ರೇಂಜರ್ 2011ರ ಡಿಸೆಂಬರ್‌ವರೆಗೆ ಮಿನ್ನೆಸೋಟ ರಾಜ್ಯದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದೇ ಹೆಸರು 2019ರಲ್ಲಿ ಮರಳಿ ಬಂದಾಗ ಗಾಡಿಯ ಗಾತ್ರ ಹಿಗ್ಗಿತ್ತು, ಸಿಂಗಲ್ ಕ್ಯಾಬಿನ್ ಇರಲೇ ಇಲ್ಲ. ಹಾಗಾದರೆ ನಡುವೆ ನಡೆದದ್ದೇನು?

ಕಾರಣ 1: ಕೋಳಿಯಿಂದ ಶುರುವಾದ ಜಗಳ

1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಯುರೋಪಿನ ಮಾರುಕಟ್ಟೆಗೆ ನುಗ್ಗಿತ್ತು. ತಮ್ಮ ರೈತರನ್ನು ಕಾಪಾಡಲು ಪಶ್ಚಿಮ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳ ಒಕ್ಕೂಟ ಅದರ ಮೇಲೆ ಸುಂಕ ಏರಿಸಿತು. ಇದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಆಲೂಗಡ್ಡೆ ಪಿಷ್ಟ, ಡೆಕ್‌ಸ್ಟ್ರಿನ್, ಬ್ರಾಂಡಿಗಳ ಸುಂಕ ಏರಿಸಿ, ಹಗುರ ಟ್ರಕ್‌ಗಳ ಮೇಲೆ ಶೇ. 25ರಷ್ಟು ಸುಂಕ ಹೇರಿದರು. ಟ್ರಕ್ ಸುಂಕದ ಗುರಿ ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿಗಳಾಗಿದ್ದವು. 1964ರ ಜನವರಿಯಲ್ಲಿ ಇದು ಜಾರಿಗೆ ಬಂತು. ಪಿಷ್ಟ, ಬ್ರಾಂಡಿಗಳ ಸುಂಕ ಕಾಲಕ್ರಮೇಣ ಹೋಯಿತು. ಟ್ರಕ್ಕಿನದು ಉಳಿಯಿತು, ಅದೂ ಜರ್ಮನಿಯದಕ್ಕೆ ಮಾತ್ರವಲ್ಲ, ಬೇರೆ ದೇಶಗಳ ಟ್ರಕ್ಕಿಗೂ. ಇವತ್ತಿಗೂ ಇದನ್ನು "ಕೋಳಿ ತೆರಿಗೆ" ಎಂದೇ ಕರೆಯುತ್ತಾರೆ.

ಕಂಪನಿಗಳೂ ಸುಮ್ಮನಿರಲಿಲ್ಲ. ಹಲಗೆಯಿಲ್ಲದ ಬರೀ ಕ್ಯಾಬಿನ್-ಚಾಸಿಗೆ ಸುಂಕ ಕಡಿಮೆ ಇತ್ತು. ಅದನ್ನು ತಂದು ಹಿಂದಿನ ಹಲಗೆಯನ್ನು ಅಮೆರಿಕದಲ್ಲೇ ಜೋಡಿಸುತ್ತಿದ್ದರು. 1980ರಲ್ಲಿ ಈ ದಾರಿ ಮುಚ್ಚಿತು. ಸುಬಾರು ಕಂಪನಿ ತನ್ನ ಬ್ರಾಟ್ ಎಂಬ ಗಾಡಿಯ ಹಿಂದಿನ ಹಲಗೆಯಲ್ಲೇ ಎರಡು ಸೀಟು ಹಾಕಿ "ಇದು ಪ್ರಯಾಣಿಕರ ವಾಹನ" ಎಂದಿತು. ಫೋರ್ಡ್ ಟರ್ಕಿಯಿಂದ ತಂದ ವ್ಯಾನುಗಳಲ್ಲಿ ಹಿಂದಿನ ಸೀಟು ಕೂರಿಸಿ, ಬಂದರು ದಾಟಿದ ಮೇಲೆ ಕಿತ್ತುಹಾಕುತ್ತಿತ್ತು. ಆ ವ್ಯಾಜ್ಯ 2024ರಲ್ಲಿ 36.5 ಕೋಟಿ ಡಾಲರ್ ಪಾವತಿಯೊಂದಿಗೆ ಇತ್ಯರ್ಥವಾಯಿತು.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಸುಂಕ 1964ರಿಂದಲೇ ಇದ್ದರೂ ಸಣ್ಣ ಟ್ರಕ್‌ಗಳ ಸುಗ್ಗಿಯ ಕಾಲ 70, 80ರ ದಶಕ. ರೇಂಜರ್ ಅಂತೂ ಅಮೆರಿಕದಲ್ಲೇ ಹುಟ್ಟಿದ್ದು, ಅದಕ್ಕೆ ಈ ಸುಂಕವೇ ಇಲ್ಲ. ಹೀಗಾಗಿ ಕೋಳಿ ತೆರಿಗೆ ಹೊರಗಿನ ಪೈಪೋಟಿಯನ್ನು ತಡೆಯಿತು ಎನ್ನಬಹುದು. ಅದೊಂದೇ ಸಣ್ಣ ಟ್ರಕ್ಕನ್ನು ಕೊಂದಿತು ಎನ್ನಲಾಗದು.

ಕಾರಣ 2: ಇಂಧನ ಉಳಿಸುವ ನಿಯಮದ ಅಡ್ಡಪರಿಣಾಮ

ತೈಲ ಬಿಕ್ಕಟ್ಟಿನ ನಂತರ, 1975ರ ಕಾನೂನಿನ ಮೂಲಕ ಅಮೆರಿಕ ವಾಹನಗಳಿಗೆ ಸರಾಸರಿ ಮೈಲೇಜಿನ ಗುರಿ ನಿಗದಿ ಮಾಡಿತು. 2011ರ ಮಾದರಿಗಳಿಂದ ಲೆಕ್ಕ ಹಾಕುವ ಕ್ರಮ ಬದಲಾಯಿತು. ನಾಲ್ಕು ಚಕ್ರಗಳ ನಡುವಿನ ನೆಲದ ವಿಸ್ತೀರ್ಣ ಎಷ್ಟು ಎಂಬುದರ ಮೇಲೆ ಗುರಿ ನಿರ್ಧಾರವಾಗತೊಡಗಿತು. ಗಾಡಿ ದೊಡ್ಡದಾದಷ್ಟೂ ಗುರಿ ಸುಲಭ, ಸಣ್ಣದಾದಷ್ಟೂ ಕಠಿಣ.

2012ರಲ್ಲಿ ಪ್ರಕಟವಾದ ಯೋಜನೆಯನ್ನೇ ನೋಡಿ. 2025ರ ಹೊತ್ತಿಗೆ ಅತಿ ಸಣ್ಣ ಟ್ರಕ್ ಗ್ಯಾಲನ್‌ಗೆ 50 ಮೈಲಿ, ಅಂದರೆ ಲೀಟರ್‌ಗೆ ಸುಮಾರು 21 ಕಿ.ಮೀ. ಕೊಡಬೇಕಿತ್ತು. ಅತಿ ದೊಡ್ಡ ಟ್ರಕ್ಕಿಗೆ 30 ಮೈಲಿ, ಸುಮಾರು 13 ಕಿ.ಮೀ. ಸಾಕಿತ್ತು. ಈ ಅಂಕಿಗಳು ಮುಂದೆ ಬದಲಾದರೂ ದಿಕ್ಕು ಅದೇ. ಹಳೆಯ ರೇಂಜರ್‌ನ ಸಣ್ಣ ಎಂಜಿನ್ ಮಾದರಿಯೇ ಲೀಟರ್‌ಗೆ 10 ಕಿ.ಮೀ. ಆಸುಪಾಸು ಕೊಡುತ್ತಿತ್ತು. ಅದನ್ನು ಎರಡು ಪಟ್ಟು ಮಾಡಲು ದುಬಾರಿ ತಂತ್ರಜ್ಞಾನ ಬೇಕು. ಅಗ್ಗದ ಗಾಡಿಗೆ ಅಷ್ಟು ಖರ್ಚು ಮಾಡುವುದಕ್ಕಿಂತ ಗಾಡಿಯನ್ನೇ ದೊಡ್ಡದು ಮಾಡುವುದು ಕಂಪನಿಗೆ ಲಾಭ. ನೆನಪಿಡಿ, ಒಂದು ಗುರಿ ತಪ್ಪಿದರೆ ಗಾಡಿ ನಿಷೇಧವಾಗುವುದಿಲ್ಲ. ಕಂಪನಿಯ ಒಟ್ಟು ಸರಾಸರಿ ಕೆಡುತ್ತದೆ, ಅದಕ್ಕೆ ದಂಡ ಬೀಳುತ್ತಿತ್ತು. 2025ರ ಜುಲೈನಲ್ಲಿ ಸಹಿಯಾದ ಕಾನೂನು ಆ ದಂಡವನ್ನೇ ಶೂನ್ಯಕ್ಕೆ ಇಳಿಸಿತು.

ಕಾರಣ 3: ಸುರಕ್ಷತೆಯ ನಿಯಮಗಳು

ಫಾರ್ವರ್ಡ್‌ನಲ್ಲಿ ಸತ್ಯಕ್ಕೆ ತೀರಾ ಹತ್ತಿರದ ಅಂಶ ಇದು. ಅಮೆರಿಕದಲ್ಲಿ ಮಾರುವ ಗಾಡಿಗೆ ಅಲ್ಲಿನ ಸುರಕ್ಷತೆ ಮತ್ತು ಹೊಗೆ ನಿಯಮಗಳ ಪ್ರಮಾಣೀಕರಣ ಬೇಕು. ಮುಂಭಾಗದ ಎರಡೂ ಏರ್‌ಬ್ಯಾಗ್, ಜಾರಿದಾಗ ಗಾಡಿಯನ್ನು ಹಿಡಿತದಲ್ಲಿಡುವ ವ್ಯವಸ್ಥೆ, 2018ರಿಂದ ಹಿಂಬದಿಯ ಕ್ಯಾಮೆರಾ ಎಲ್ಲವೂ ಕಡ್ಡಾಯ. ಹೈಲಕ್ಸ್ ಚಾಂಪ್ ಆ ಮಾರುಕಟ್ಟೆಗೆಂದು ಮಾಡಿದ್ದಲ್ಲ. ಪ್ರಮಾಣೀಕರಣವಿಲ್ಲದ ವಿದೇಶಿ ಗಾಡಿಯನ್ನು ತರಬೇಕಾದರೆ ಅದಕ್ಕೆ 25 ವರ್ಷ ವಯಸ್ಸಾಗಿರಬೇಕು. ಹಾಗಾಗಿಯೇ ಅಮೆರಿಕದ ಕೆಲವು ರೈತರು 1990ರ ದಶಕದ ಜಪಾನಿ "ಕೇ" ಟ್ರಕ್‌ಗಳನ್ನು ಹುಡುಕಿ ತರಿಸಿಕೊಳ್ಳುತ್ತಾರೆ. ಅವುಗಳನ್ನು ರಸ್ತೆಗಿಳಿಸಲು ಬಿಡಬೇಕೇ ಎಂಬ ವಿಷಯದಲ್ಲಿ ರಾಜ್ಯಗಳಲ್ಲೇ ಒಮ್ಮತವಿಲ್ಲ. ಟೆಕ್ಸಸ್ 2024ರಲ್ಲಿ ಅನುಮತಿ ಕೊಟ್ಟಿತು.

ಈ ನಿಯಮಗಳು ಜೀವ ಉಳಿಸಲು ಬಂದವು. "ಬಡವರ ಗಾಡಿ ತಡೆಯಲು ಮಾಡಿದ ತಂತ್ರ" ಎಂದು ಇವನ್ನೇ ಬಣ್ಣಿಸುವ ಸಂದೇಶವನ್ನು ನಂಬಬೇಡಿ.

ಕಾರಣ 4: ಲಾಭ ಎಲ್ಲಿದೆಯೋ ಅಲ್ಲಿ ಕಾರ್ಖಾನೆ

ಸಣ್ಣ ಟ್ರಕ್ ಮಾಡಲು ತಗಲುವ ಶ್ರಮ ದೊಡ್ಡದಕ್ಕಿಂತ ಬಹಳ ಕಡಿಮೆಯೇನಲ್ಲ. ಆದರೆ ದೊಡ್ಡದಕ್ಕೆ ಚರ್ಮದ ಸೀಟು, ದೊಡ್ಡ ಪರದೆ, ನಾಲ್ಕು ಬಾಗಿಲು ಸೇರಿಸಿದರೆ ಬೆಲೆ ದುಪ್ಪಟ್ಟು ಹೇಳಬಹುದು. ಕೊಳ್ಳುವವರೂ ಬದಲಾದರು. ಪಿಕಪ್ ಈಗ ಮಕ್ಕಳನ್ನು ಶಾಲೆಗೆ ಬಿಡುವ, ಸಂತೆಗೆ ಹೋಗುವ ಮನೆಯ ಗಾಡಿಯೂ ಹೌದು. ಅಮೆರಿಕದ ತೆರಿಗೆ ನಿಯಮ ಕೂಡ 6,000 ಪೌಂಡ್, ಅಂದರೆ ಸುಮಾರು 2,700 ಕಿಲೋ ಮೀರಿದ ತೂಕದ ದರ್ಜೆಯ ಗಾಡಿಯನ್ನು ವ್ಯವಹಾರಕ್ಕೆ ಕೊಂಡರೆ ಹೆಚ್ಚಿನ ರಿಯಾಯಿತಿ ಕೊಡುತ್ತದೆ. ಇವತ್ತು ದೊಡ್ಡ ಪಿಕಪ್‌ನ ಸರಾಸರಿ ಬೆಲೆ 60 ಸಾವಿರ ಡಾಲರ್‌ಗೂ ಹೆಚ್ಚು. ಸಾದಾ ಸೀಟು, ಉದ್ದ ಹಲಗೆಯ ಮಾದರಿ ಪೂರ್ತಿ ನಿಂತಿಲ್ಲ. ಆದರೆ ಅದೂ ದೊಡ್ಡ ಗಾತ್ರದ್ದೇ, ದೊಡ್ಡ ಬೆಲೆಯದ್ದೇ.

ದೊಡ್ಡ ಟ್ರಕ್ ಎಂದರೆ ಹೆಚ್ಚು ಕೆಲಸವೇ?

ಎಲ್ಲ ಕೆಲಸಕ್ಕೂ ಅಲ್ಲ. ನಾಲ್ಕು ಬಾಗಿಲಿನ ಫೋರ್ಡ್ ಎಫ್-150 ಗಾಡಿಯ ಜನಪ್ರಿಯ ಮಾದರಿ ಸುಮಾರು 5.9 ಮೀಟರ್ ಉದ್ದ. ಅದರ ಹಲಗೆ ಸುಮಾರು 1.7 ಮೀಟರ್. ಜಪಾನಿನ ಕೇ ಟ್ರಕ್ ಕಾನೂನಿನ ಪ್ರಕಾರ 3.4 ಮೀಟರ್ ಮೀರುವಂತಿಲ್ಲ. ಆದರೂ ಅದರ ಹಲಗೆ 1.9 ಮೀಟರ್ ಆಸುಪಾಸು! ಉದ್ದವೆಲ್ಲ ಕೂರುವ ಜಾಗಕ್ಕೆ ಹೋಗಿದೆ.

ಇನ್ನೊಂದು ಬದಿಯನ್ನೂ ಹೇಳಬೇಕು. ಕೇ ಟ್ರಕ್ ಹೊರುವ ಭಾರ 350 ಕಿಲೋ ಮಾತ್ರ. ಎಫ್-150 ಅದರ ಎರಡು ಪಟ್ಟಿಗಿಂತ ಹೆಚ್ಚು ಹೊರುತ್ತದೆ, ಭಾರೀ ಟ್ರೈಲರ್ ಎಳೆಯುತ್ತದೆ, ಹೆದ್ದಾರಿಯಲ್ಲಿ ನಿರಾಯಾಸವಾಗಿ ಓಡುತ್ತದೆ. ದಿನವೂ ಅಂಥ ಭಾರ ಎಳೆಯುವವರಿಗೆ ಅದು ಸರಿಯಾದ ಗಾಡಿ. ಹುಲ್ಲು, ಏಣಿ, ಪೈಪು ಸಾಗಿಸುವವರಿಗೆ ಬೇಕಿರುವುದು ತಗ್ಗಿನ ಉದ್ದ ಹಲಗೆ ಮತ್ತು ಕಡಿಮೆ ಕಂತು.

ದೊಡ್ಡದು ಸುರಕ್ಷಿತ ಎಂಬುದು ನಿಜವೇ?

ಒಳಗೆ ಕೂತವರಿಗೆ ಹಲವು ಸಲ ಹೌದು. ಹೊರಗೆ ನಡೆಯುವವರಿಗೆ ಅಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ ಒಂದು ಮೀಟರ್‌ಗಿಂತ ಎತ್ತರವಿರುವ ಗಾಡಿ ಪಾದಚಾರಿಗೆ ಗುದ್ದಿದರೆ ಸಾವು ಸಂಭವಿಸುವ ಸಾಧ್ಯತೆ, ತಗ್ಗಾದ ಇಳಿಜಾರು ಮೂತಿಯ ಗಾಡಿಗಿಂತ ಸುಮಾರು ಶೇ. 45 ಹೆಚ್ಚು. ಅಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ಸತ್ತಿದ್ದರು. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಇದಕ್ಕೆ ವೇಗ, ಕತ್ತಲು, ರಸ್ತೆ ವಿನ್ಯಾಸ ಹೀಗೆ ಹಲವು ಕಾರಣಗಳಿವೆ. ಗಾಡಿಯ ಎತ್ತರವೂ ಅವುಗಳಲ್ಲೊಂದು.

ಸಾದಾ ಟ್ರಕ್ ಮರಳಿ ಬರುತ್ತಿದೆಯೇ?

ಬೇಡಿಕೆ ಸತ್ತಿಲ್ಲ. ಫೋರ್ಡ್ 2021ರಲ್ಲಿ ಮೆಕ್ಸಿಕೋದಲ್ಲಿ ತಯಾರಿಸಿದ ಮಾವೆರಿಕ್ ಎಂಬ ಪುಟ್ಟ ಪಿಕಪ್‌ಗೆ 19,995 ಡಾಲರ್ ಬೆಲೆ ಇಟ್ಟಿತು. ಕಂಪನಿ ಕೆಲವೇ ತಿಂಗಳಲ್ಲಿ ಆ ಸಾಲಿನ ಬುಕಿಂಗ್ ನಿಲ್ಲಿಸಬೇಕಾಯಿತು. ಆದರೆ 2025ರ ಮಾದರಿಯ ಹೊತ್ತಿಗೆ ಅದರ ಆರಂಭಿಕ ಬೆಲೆ 26 ಸಾವಿರ ಡಾಲರ್ ದಾಟಿತ್ತು. 2025ರ ಏಪ್ರಿಲ್‌ನಲ್ಲಿ ಸ್ಲೇಟ್ ಎಂಬ ಹೊಸ ಕಂಪನಿ ಕೈಯಲ್ಲಿ ತಿರುಗಿಸುವ ಕಿಟಕಿಯ, ಬಣ್ಣವಿಲ್ಲದ, ರೇಡಿಯೊ ಕೂಡ ಇಲ್ಲದ ಎಲೆಕ್ಟ್ರಿಕ್ ಪಿಕಪ್ ಘೋಷಿಸಿತು. ಸರ್ಕಾರದ ರಿಯಾಯಿತಿ ಸೇರಿ 20 ಸಾವಿರ ಡಾಲರ್‌ಗಿಂತ ಕಡಿಮೆ ಎಂದಿದ್ದರು. ಅದೇ ವರ್ಷ ರಿಯಾಯಿತಿ ರದ್ದಾಗಿ ಆ ಲೆಕ್ಕವೂ ಮೇಲೇರಿತು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ದುಡಿಮೆಯ ಟ್ರಕ್ ಜೀವಂತವಾಗಿದೆ. 2005ರಲ್ಲಿ ಬಂದ ಟಾಟಾ ಏಸ್, ಜನರ ಬಾಯಲ್ಲಿ "ಛೋಟಾ ಹಾಥಿ", ಇವತ್ತಿಗೂ ತರಕಾರಿ ಮಂಡಿಗಳಲ್ಲಿ ಕಾಣುತ್ತದೆ. ಏಸ್ ಪ್ರೊ 2025ರಲ್ಲಿ ಬಂದಾಗ ಅದರ ಆರಂಭಿಕ ಬೆಲೆ 3.99 ಲಕ್ಷ ರೂಪಾಯಿ ಇತ್ತು. ಇದೇ ಹೈಲಕ್ಸ್ ಹೆಸರಿನ ನಾಲ್ಕು ಬಾಗಿಲಿನ ಪಿಕಪ್ ನಮ್ಮ ಬಿಡದಿಯಲ್ಲೇ ಜೋಡಣೆಯಾಗುತ್ತದೆ. ಆದರೆ 2022ರಲ್ಲಿ ಅದು ಬಂದಾಗ ಬೆಲೆ 33.99 ಲಕ್ಷ. ಒಂದೇ ಹೆಸರು, ಒಂದು ಕಡೆ ದುಡಿಮೆಗೆ, ಇನ್ನೊಂದು ಕಡೆ ಶೋಕಿಗೆ.

ಹಾಗಾದರೆ ಫಾರ್ವರ್ಡ್ ಎಷ್ಟು ಸರಿ?

• 10 ಸಾವಿರ ಡಾಲರ್ ಬೆಲೆ: ತಪ್ಪು. ಥಾಯ್ಲೆಂಡ್‌ನಲ್ಲೇ ಸುಮಾರು 13 ಸಾವಿರದಿಂದ ಶುರು.
• ಸರ್ಕಾರದ ನಿಷೇಧ: ದಾರಿ ತಪ್ಪಿಸುವ ಮಾತು. ಶೇ. 25 ಸುಂಕ ಮತ್ತು ಪ್ರಮಾಣೀಕರಣದ ಅಡ್ಡಿ ನಿಜ, ಈ ಟ್ರಕ್ಕಿನ ಮೇಲೆ ಪ್ರತ್ಯೇಕ ನಿಷೇಧವಿಲ್ಲ.
• ಎಲ್ಲ ಕಂಪನಿಗಳ ಪಿತೂರಿ: ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಬಂದ ನಿಯಮಗಳು ಲಾಭದ ಲೆಕ್ಕದೊಂದಿಗೆ ಸೇರಿದ ಫಲ ಇದು.
• ಸಾದಾ ಟ್ರಕ್ ಮಾಯವಾಗುತ್ತಿದೆ: ಅಮೆರಿಕದ ಮಟ್ಟಿಗೆ ನಿಜ.

ಕೋಳಿಗೆಂದು ಹಾಕಿದ ಸುಂಕ, ಪೆಟ್ರೋಲ್ ಉಳಿಸಲು ಬರೆದ ಸೂತ್ರ, ಜೀವ ಉಳಿಸಲು ತಂದ ನಿಯಮ. ಇವುಗಳಲ್ಲಿ ಒಂದೂ ಬಡಗಿಯ ಟ್ರಕ್ಕನ್ನು ಕಸಿಯಲು ಹುಟ್ಟಿದ್ದಲ್ಲ. ಆದರೂ ಕೊನೆಗೆ ಹೆಚ್ಚು ಕಂತು ಕಟ್ಟುತ್ತಿರುವುದು, ಇಲ್ಲವೇ ಇಪ್ಪತ್ತು ವರ್ಷದ ಹಳೆಯ ಗಾಡಿಯನ್ನೇ ರಿಪೇರಿ ಮಾಡಿಸುತ್ತಾ ಓಡಿಸುತ್ತಿರುವುದು ಅವನೇ. "ನಿಷೇಧ" ಎಂಬ ಪದ ಇರುವ ಸಂದೇಶ ಬಂದಾಗ ಯಾವ ಕಾನೂನು, ಯಾವ ವರ್ಷ ಎಂದು ಕಳಿಸಿದವರನ್ನು ಕೇಳಿ. ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.