ಎನ್‌ಫೀಲ್ಡ್ ಕೋವಿಯ ಸೈಟು: ಮೂಲ, ತಿದ್ದುಪಡಿ, ಪ್ರತಿಕೃತಿ

ಹಳೆಯ ಕೋವಿಯ ಪ್ರತಿಕೃತಿಯನ್ನು ಕೊಂಡವರು ಅದರ ಸೈಟನ್ನು, ಅಂದರೆ ಗುರಿ ಹಿಡಿಯುವ ಭಾಗವನ್ನು, ತಿದ್ದಿದರೆ ಚರಿತ್ರೆಗೆ ಅಪಚಾರವಾಯಿತೆಂದು ದೂರುವವರಿದ್ದಾರೆ. 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ಇತಿಹಾಸ ಈ ದೂರನ್ನು ಸಮರ್ಥಿಸುವುದಿಲ್ಲ. ಕೋವಿ ಯಾರ ಕೈಗೆ ಹೋಗುತ್ತದೆ, ಎಷ್ಟು ದೂರಕ್ಕೆ ಹೊಡೆಯಬೇಕು ಎಂಬ ನಿರ್ಧಾರ ಬದಲಾದಾಗ ಸೈಟೂ ಬದಲಾಗಿದೆ.

ಮೂಲ ಎನ್‌ಫೀಲ್ಡ್‌ನದು 0.577 ಇಂಚು ವ್ಯಾಸದ, 39 ಇಂಚು ಉದ್ದದ ನಳಿಗೆ. ಒಳಗೆ ಗುಂಡನ್ನು ತಿರುಗಿಸುವ ಮೂರು ಸುರುಳಿ ಗಾಡಿಗಳು, ಅಂದರೆ ತೋಡುಗಳು. 78 ಇಂಚಿಗೆ ಒಂದು ಸುತ್ತು. ಹಿಂದಿನ ಸೈಟು ಪುಟ್ಟ ಏಣಿಯಂಥದ್ದು. ಮಲಗಿಸಿದಾಗ ಮೆಟ್ಟಿಲುಗಳ ಮೇಲೆ 400 ಗಜದವರೆಗೆ ಗುರಿ ಹಿಡಿಯಬಹುದು. ನಿಲ್ಲಿಸಿ ಜಾರುಪಟ್ಟಿಯನ್ನು ಏರಿಸಿದರೆ 900 ಗಜ. ಇಷ್ಟೆಲ್ಲ ಬೇಕಾದದ್ದು ಗುಂಡು ನಿಧಾನವಾಗಿದ್ದುದರಿಂದ. ಸೆಕೆಂಡಿಗೆ ಸುಮಾರು 900 ಅಡಿ ವೇಗದ ಆ ಭಾರಿ ಸೀಸ ಕಮಾನಿನಂತೆ ಮೇಲೆದ್ದು ಇಳಿಯುತ್ತಿತ್ತು. ದೂರದ ಅಂದಾಜು ತಪ್ಪಿದರೆ ಗುಂಡು ಎದುರಾಳಿಯ ತಲೆಯ ಮೇಲೆ ಹಾದುಹೋಗುತ್ತಿತ್ತು. 1853ರಲ್ಲಿ ಇಂಗ್ಲೆಂಡಿನ ಹೈತ್‌ನಲ್ಲಿ ತೆರೆದ ಸೇನಾ ಶಾಲೆ ಗುಂಡು ಹಾರಿಸುವುದರ ಜೊತೆಗೆ ಕಣ್ಣಳತೆಯಲ್ಲಿ ದೂರ ಹೇಳುವುದನ್ನೂ ಕಲಿಸಿತು.

1857ರ ಸಿಪಾಯಿ ದಂಗೆಯ ಚರ್ಚೆಯೆಲ್ಲ ಕೊಬ್ಬು ಸವರಿದ ತೋಟೆಯ ಸುತ್ತಲೇ ತಿರುಗಿದೆ. ದಂಡೆದ್ದ ಮೇಲೆ ಕೋವಿಗೆ ಏನಾಯಿತೆಂಬುದೂ ಅಷ್ಟೇ ಮುಖ್ಯ. ಭಾರತೀಯ ಸಿಪಾಯಿಗಳಿಗಾಗಿ 1858 ಮತ್ತು 1859ರ ಮಾದರಿಗಳು ಬಂದವು. ಹೊರನೋಟಕ್ಕೆ ಅದೇ ಎನ್‌ಫೀಲ್ಡ್. ಒಳಗೆ ಗಾಡಿಗಳಿಲ್ಲ, ನಳಿಗೆ ನುಣುಪು, ವ್ಯಾಸ 0.656 ಇಂಚು. ಏಣಿ ಸೈಟಿನ ಜಾಗದಲ್ಲಿ ಕಚ್ಚು ಹಾಕಿದ ಒಂದು ಸ್ಥಿರ ತುಂಡು. ದೂರದ ಗುರಿ ಇನ್ನು ಬಿಳಿಯ ಸೈನಿಕನ ಪಾಲು. ಅಪನಂಬಿಕೆಯನ್ನು ಇಷ್ಟು ನೇರವಾಗಿ ಲೋಹದಲ್ಲಿ ಕೊರೆದ ಉದಾಹರಣೆ ವಸಾಹತು ಚರಿತ್ರೆಯಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ. ಇದೇ ನೀತಿಯ ಇನ್ನೊಂದು ಮುಖ ಕೊಡಗಿನಲ್ಲಿ ಕಾಣುತ್ತದೆ: ದೇಶದ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆಯಿಂದ ನಂಬಿಕಸ್ಥರೆಂದು ಎಣಿಸಲಾದ ಕೊಡವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು.

ಎನ್‌ಫೀಲ್ಡ್‌ಗೆ ಮರುಜೀವ ಬಂದದ್ದು ಅಮೆರಿಕದ ಅಂತರ್ಯುದ್ಧದ ನೆನಪಿನಿಂದ. ಆ ಯುದ್ಧದಲ್ಲಿ ಎರಡೂ ಪಕ್ಷಗಳು ಇದನ್ನು ಲಕ್ಷಗಟ್ಟಲೆ ತರಿಸಿಕೊಂಡಿದ್ದವು. 1961ರ ಶತಮಾನೋತ್ಸವದ ಹೊತ್ತಿಗೆ ಹಳೆಯ ಕೋವಿಗಳಲ್ಲಿ ಗುರಿಸ್ಪರ್ಧೆ ಅಲ್ಲಿ ಜನಪ್ರಿಯವಾಗಿತ್ತು. ಪ್ರತಿಕೃತಿಗಳಿಗೆ ಬೇಡಿಕೆ ಹುಟ್ಟಿತು. ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯದ ಕಾರ್ಖಾನೆಗಳು ಹಲವು ಬಗೆಯ ಹಳೆಯ ಬಂದೂಕುಗಳನ್ನು ಮರುಸೃಷ್ಟಿಸಿದವು. 1970ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್-ಹೇಲ್ ಸಂಸ್ಥೆ ಮೂಲ ಕಾಲದ ಅಳತೆಗೇಜುಗಳನ್ನೇ ಆಧರಿಸಿ ಎನ್‌ಫೀಲ್ಡ್ ತಯಾರಿಸಿತು. ಹೀಗೆ ಸೈನಿಕನ ದೂರಗಳೂ ಪ್ರತಿಕೃತಿಯ ಸೈಟಿನೊಳಗೆ ಉಳಿದುಬಂದವು.

ಈಗಿನ ಸ್ಪರ್ಧಿ ಹೊಡೆಯುವುದು ಬಹುಪಾಲು 50 ಅಥವಾ 100 ಮೀಟರಿಗೆ. ಏಣಿಯನ್ನು ಪೂರ್ತಿ ಮಲಗಿಸಿದರೂ ಹತ್ತಿರದ ಗುರಿಯಲ್ಲಿ ಗುಂಡು ಮೇಲೆ ಬೀಳುತ್ತದೆ. ಪರಿಹಾರ, ಮುಂದಿನ ಸೈಟಿನ ಅಲಗನ್ನು ಎತ್ತರಿಸುವುದು. ಲೆಕ್ಕ ಸರಳ: ಗುಂಡು ತಪ್ಪಿದ ಅಳತೆಯನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಸೈಟುಗಳ ಅಂತರ 30 ಇಂಚು, ಗುರಿ 50 ಗಜ ಅಂದರೆ 1800 ಇಂಚು, ಗುಂಡು 6 ಇಂಚು ಮೇಲೆ ಎಂದಾದರೆ ಏರಿಸಬೇಕಾದದ್ದು ಇಂಚಿನ ಹತ್ತನೇ ಒಂದು ಪಾಲು. ಅನುಭವಿಗಳು ಬೇಕಾದ್ದಕ್ಕಿಂತ ಎತ್ತರದ ಅಲಗನ್ನೇ ಬೆಸೆದು, ಹೊಡೆದು ನೋಡುತ್ತಾ ಅರದಿಂದ ಸ್ವಲ್ಪಸ್ವಲ್ಪವೇ ಉಜ್ಜುತ್ತಾರೆ. ಒಂದೊಂದು ಉಜ್ಜಿಗೂ ಗುಂಡು ತುಸು ಮೇಲೇರುತ್ತದೆ. ಉಜ್ಜಿಹೋದ ಲೋಹ ಮರಳಿ ಬರುವುದಿಲ್ಲ.

ಇಷ್ಟು ಸುಲಭದ ಉಪಾಯವನ್ನು ಸೇನೆ ತಾನೇ ಏಕೆ ಮಾಡಲಿಲ್ಲ? ಉತ್ತರ ನಳಿಗೆಯ ತುದಿಯಲ್ಲಿದೆ. ಮುಂದಿನ ಸೈಟಿನ ಬುಡದ ಉಕ್ಕಿನ ತುಂಡೇ ಬಯೊನೆಟ್ ಸಿಕ್ಕಿಸುವ ಗೂಟವೂ ಆಗಿತ್ತು. ಬಯೊನೆಟ್ಟಿನ ಕೊಳವೆ ಆ ತುಂಡನ್ನೂ ಅದರ ಮೇಲಿನ ಅಲಗನ್ನೂ ದಾಟಿ ಹಿಂದಕ್ಕೆ ಬಂದು ತಿರುಗಬೇಕು. ಅಲಗು ಎತ್ತರವಾದರೆ ಅದಕ್ಕೆ ದಾರಿಯಿಲ್ಲ. ಸೇನೆಗೆ ಬಯೊನೆಟ್ ಬಿಟ್ಟು ಕೋವಿಯಿಲ್ಲ, ಸ್ಪರ್ಧಿಗೆ ಬಯೊನೆಟ್ಟೇ ಬೇಡ.

ಆದ್ದರಿಂದ ತಿದ್ದುಪಡಿಗೆ ನನ್ನ ಆಕ್ಷೇಪವಿಲ್ಲ; ಅದನ್ನು ದಾಖಲಿಸದಿರುವುದಕ್ಕೆ ಇದೆ. 1859ರ ಸಿಪಾಯಿ ಕೋವಿಯನ್ನು ಮೂಲ ಎನ್‌ಫೀಲ್ಡ್ ಎಂದು ತಪ್ಪು ತಿಳಿಯುವುದು ಸುಲಭ. ನಳಿಗೆಯ ವ್ಯಾಸ ಅಳೆದು, ಹಿಂದಿನ ಸೈಟನ್ನು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಪ್ರತಿಕೃತಿಯ ಸೈಟು ತಿದ್ದುವವರು ಬೆಸುಗೆಗೆ ಮುನ್ನ ಮೂಲ ಅಲಗಿನ ಎತ್ತರವನ್ನು ಅಳೆದು ಬರೆದಿಡಬೇಕು. ತೆಗೆದ ಭಾಗವನ್ನು ಕೋವಿಯ ಜೊತೆಗೇ ಇಡಬೇಕು.